ಮಾಸ್ಟರ್ ಪಾಸ್‌ವರ್ಡ್ ಸರಿ ಇದ್ದರೂ ಒಳಗೆ ಬಿಡುತ್ತಿಲ್ಲವೇ? ಮೊದಲು ತೆರೆದಿರುವ ಬಾಗಿಲು ಹುಡುಕಿ

ಹೋದ ವರ್ಷ ಮಳೆಗಾಲದ ನಡುವಿನ ಕಕ್ಕಡ ತಿಂಗಳ ಒಂದು ಸಂಜೆ ಕೊಡಗಿನ ಕಕ್ಕಬ್ಬೆಯಿಂದ ಅತ್ತೆ ಫೋನ್ ಮಾಡಿದರು. ಕಾಫಿ ತೋಟದ ನಡುವೆ ಅವರದೊಂದು ನಾಲ್ಕು ಕೋಣೆಯ ಹೋಂಸ್ಟೇ ಇದೆ. ಮಧ್ಯಾಹ್ನ ಮಳೆಯಲ್ಲೇ ಇಬ್ಬರು ವಿದೇಶಿ ಅತಿಥಿಗಳು ಬಂದು ಇಳಿದಿದ್ದರು. ವಿದೇಶಿಯರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರದ ಆನ್‌ಲೈನ್ ಪೋರ್ಟಲ್‌ನಲ್ಲಿ ಫಾರಂ ತುಂಬಿ ಕಳಿಸಬೇಕು. ಆ ಪೋರ್ಟಲ್‌ನ ಪಾಸ್‌ವರ್ಡ್ ಇದ್ದದ್ದು ಪಾಸ್‌ವರ್ಡ್ ಮ್ಯಾನೇಜರ್ ಒಳಗೆ, ಅಂದರೆ ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೇ ಮಾಸ್ಟರ್ ಪಾಸ್‌ವರ್ಡ್‌ನ ಬೀಗದಲ್ಲಿ ಇಡುವ ಅಪ್ಲಿಕೇಶನ್ ಒಳಗೆ. ಮ್ಯಾನೇಜರ್ ತೆರೆಯುತ್ತಿರಲಿಲ್ಲ.

“ಸರಿಯಾಗೇ ಹಾಕ್ತಾ ಇದ್ದೀನಿ ಮಾರಾಯ. ಹತ್ತು ಸಲ ಹಾಕಿದೆ. ತಪ್ಪು ಅಂತಲೇ ಬರ್ತದೆ. ಇದನ್ನು ತೆಗೆದು ಹೊಸದಾಗಿ ಹಾಕಿಬಿಡ್ಲಾ?”

“ಬೇಡ ಅತ್ತೆ. ಏನನ್ನೂ ತೆಗೀಬೇಡಿ. ಫೋನ್‌ನಲ್ಲಿ ಬೆರಳಿಟ್ಟರೆ ತೆರೀತದಾ ನೋಡಿ.”

ತೆರೆಯಿತು. ಫಾರಂ ಆ ರಾತ್ರಿಯೇ ಹೋಯಿತು. ಲ್ಯಾಪ್‌ಟಾಪ್ ಯಾಕೆ ಬಿಡುತ್ತಿಲ್ಲ ಎಂಬುದನ್ನು ಆಮೇಲೆ ನಿಧಾನವಾಗಿ ಹುಡುಕಿದೆವು. ಈ ಲೇಖನವನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ. ಮೊದಲು ತೆರೆದಿರುವ ಬಾಗಿಲು ಹುಡುಕಿ ಬೇಕಾದ್ದನ್ನು ಹೊರಗೆ ತೆಗೆದುಕೊಳ್ಳುವುದು, ಆಮೇಲೆ ಮುಚ್ಚಿದ ಬಾಗಿಲ ಹತ್ತಿರ ಬರುವುದು. ಗಾಬರಿಯಲ್ಲಿ ಈ ಕ್ರಮ ತಲೆಕೆಳಗಾದರೆ ಇದ್ದ ಒಂದು ದಾರಿಯೂ ಹೋಗುತ್ತದೆ.

ಯಾಕೆ ಇಷ್ಟು ಎಚ್ಚರ

ಸಾಮಾನ್ಯ ವೆಬ್‌ಸೈಟಿನಲ್ಲಿ ಪಾಸ್‌ವರ್ಡ್ ಮರೆತರೆ ಇಮೇಲ್‌ಗೆ ಒಂದು ಲಿಂಕ್ ಬರುತ್ತದೆ, ಹೊಸದು ಇಟ್ಟುಕೊಳ್ಳುತ್ತೇವೆ. ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಹಾಗಲ್ಲ. ನಿಮ್ಮ ಮಾಸ್ಟರ್ ಪಾಸ್‌ವರ್ಡ್ ಕಂಪನಿಯ ಹತ್ತಿರ ಇರುವುದೇ ಇಲ್ಲ. ನೀವು ಟೈಪ್ ಮಾಡಿದ ಅಕ್ಷರಗಳನ್ನು ನಿಮ್ಮ ಫೋನೋ ಲ್ಯಾಪ್‌ಟಾಪೋ ಲಕ್ಷಗಟ್ಟಲೆ ಸಲ ಅರೆದು ಒಂದು ಕೀಲಿ ಮಾಡುತ್ತದೆ. 2023ರಲ್ಲಿ ಬಿಟ್‌ವಾರ್ಡನ್ ಎಂಬ ಮ್ಯಾನೇಜರ್ ಹೊಸ ಖಾತೆಗಳಿಗೆ ಈ ಸಂಖ್ಯೆಯನ್ನು 1 ಲಕ್ಷದಿಂದ 6 ಲಕ್ಷಕ್ಕೆ ಏರಿಸಿತು. ಪಾಸ್‌ವರ್ಡ್‌ಗಳಿರುವ ಪೆಟ್ಟಿಗೆಯನ್ನು ಆ ಕೀಲಿಯಿಂದಲೇ ತೆರೆಯಬೇಕು.

ಹೀಗೆ ಅರೆಯುವಾಗ ಒಂದೇ ಒಂದು ಅಕ್ಷರ ಬೇರೆಯಾದರೂ ಸಿಗುವ ಕೀಲಿ ಪೂರ್ತಿ ಬೇರೆಯಾಗುತ್ತದೆ. ದೊಡ್ಡಕ್ಷರದ ಬದಲು ಚಿಕ್ಕಕ್ಷರ, ಕೊನೆಯಲ್ಲೊಂದು ಕಾಣದ ಸ್ಪೇಸ್, ಇಷ್ಟು ಸಾಕು. “ಹತ್ತಿರ ಬಂದಿದ್ದೀರಿ, ಕೊನೆಯ ಅಕ್ಷರ ನೋಡಿ” ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಒಂದು ಅಕ್ಷರ ತಪ್ಪಿದರೂ, ಹತ್ತು ತಪ್ಪಿದರೂ ಬರುವ ಮಾತು ಒಂದೇ. ಹಾಗಾಗಿ “ತಪ್ಪು” ಎಂದು ಬಂದ ಕೂಡಲೇ ನಿಮ್ಮ ನೆನಪಿನ ಮೇಲೆ ಅನುಮಾನ ಪಡಬೇಡಿ. ವರ್ಷಗಟ್ಟಲೆ ದಿನಾ ಹಾಕುತ್ತಿದ್ದ ಪಾಸ್‌ವರ್ಡ್ ಒಂದೇ ರಾತ್ರಿಯಲ್ಲಿ ಮರೆತುಹೋಗುವುದು ಕಡಿಮೆ. ಬೆರಳಿನಿಂದ ಪೆಟ್ಟಿಗೆಯ ತನಕ ಹೋಗುವ ದಾರಿಯಲ್ಲಿ ಏನೋ ಬದಲಾಗಿರುವುದೇ ಜಾಸ್ತಿ.

ಮೊದಲ ಹೆಜ್ಜೆ: ಕೈ ಹಿಂದೆ ತೆಗೆಯಿರಿ

ಮತ್ತೆ ಮತ್ತೆ ಹಾಕುವುದನ್ನು ನಿಲ್ಲಿಸಿ. ಅಪ್ಲಿಕೇಶನ್ ಅನ್‌ಇನ್‌ಸ್ಟಾಲ್ ಮಾಡಬೇಡಿ. ಲಾಗ್ ಔಟ್ ಒತ್ತಬೇಡಿ. ಫೋನ್ ರೀಸ್ಟಾರ್ಟ್ ಬೇಡ. ಬ್ರೌಸರಿನ ಡೇಟಾ ಅಳಿಸಬೇಡಿ. “ಖಾತೆ ಅಳಿಸಿ ಮತ್ತೆ ಶುರು ಮಾಡಿ” ಎಂಬ ಲಿಂಕ್ ಕಂಡರೆ ಅದರ ಹತ್ತಿರವೂ ಹೋಗಬೇಡಿ. ಅದು ಖಾತೆಯ ಜೊತೆ ಒಳಗಿರುವುದನ್ನೆಲ್ಲ ಅಳಿಸುತ್ತದೆ.

ಈಗ ಮನೆಯಲ್ಲಿರುವ ಎಲ್ಲ ಸಾಧನಗಳನ್ನೂ ನೆನಪು ಮಾಡಿಕೊಳ್ಳಿ. ನಿಮ್ಮ ಫೋನ್, ಹಳೆಯ ಫೋನ್, ಮಕ್ಕಳ ಟ್ಯಾಬ್, ಆಫೀಸಿನ ಕಂಪ್ಯೂಟರ್, ತೋಟದ ಲೆಕ್ಕ ಬರೆಯುವ ರೈಟರ್ ಮೇಜಿನ ಮೇಲಿರುವ ಡೆಸ್ಕ್‌ಟಾಪ್. ಇವುಗಳಲ್ಲಿ ಎಲ್ಲಾದರೂ ಬೆರಳಚ್ಚಿನಿಂದ, ಮುಖ ತೋರಿಸಿ ಅಥವಾ ಪಿನ್ ಹಾಕಿ ಮ್ಯಾನೇಜರ್ ತೆರೆಯುತ್ತದೆಯೇ? ತೆರೆದರೆ ಅದೇ ನಿಮ್ಮ ಬಾಗಿಲು.

ಆ ಸಾಧನಕ್ಕೆ ಚಾರ್ಜರ್ ಹಾಕಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಫೋನ್ ಆಫ್ ಆಗಲು ಬಿಡಬೇಡಿ. ಆಫ್ ಆಗಿ ಆನ್ ಆದ ಮೇಲೆ ಕೆಲವು ಅಪ್ಲಿಕೇಶನ್‌ಗಳು ಬೆರಳಚ್ಚು ಒಪ್ಪದೆ ಮಾಸ್ಟರ್ ಪಾಸ್‌ವರ್ಡನ್ನೇ ಕೇಳುತ್ತವೆ. ಇನ್ನೊಂದು ವಿಷಯ ತೋಟದ ಕೆಲಸ ಮಾಡುವವರಿಗೆ ಮುಖ್ಯ. ಕೈ ಒದ್ದೆಯಾಗಿಯೋ ಚರ್ಮ ಸವೆದೋ ಬೆರಳಚ್ಚು ಹಿಡಿಯದಿದ್ದಾಗ ಸೆಟ್ಟಿಂಗ್ಸ್‌ಗೆ ಹೋಗಿ ಹೊಸ ಬೆರಳು ಸೇರಿಸಿಬಿಡುತ್ತೇವೆ ಅಲ್ವಾ? ಈಗ ಅದು ಬೇಡ. ಫೋನಿನಲ್ಲಿ ಹೊಸ ಬೆರಳು ಸೇರಿದ್ದು ಕಂಡರೆ ಹಲವು ಮ್ಯಾನೇಜರ್‌ಗಳು ಸುರಕ್ಷತೆಗಾಗಿ ಬೆರಳಚ್ಚಿನ ದಾರಿಯನ್ನೇ ಮುಚ್ಚುತ್ತವೆ. ಕೈ ಒರೆಸಿಕೊಂಡು, ಬೆಚ್ಚಗೆ ಮಾಡಿಕೊಂಡು ಹಳೆಯ ಬೆರಳನ್ನೇ ಇಡಿ. ಪಿನ್ ಹಾಕುವುದಾದರೆ ನೆನಪಿರಲಿ: ಬಿಟ್‌ವಾರ್ಡನ್‌ನಲ್ಲಿ 5 ಸಲ ಪಿನ್ ತಪ್ಪಿದರೆ ಲಾಗ್ ಔಟ್ ಆಗಿಬಿಡುತ್ತದೆ.

ಒಳಗೆ ಹೋದ ಮೇಲೆ ಒಂದು ನೋಟ್ ಪುಸ್ತಕ ತೆಗೆದುಕೊಂಡು ಕೈಯಲ್ಲೇ ಬರೆದುಕೊಳ್ಳಿ. ಮೊದಲು ಇಮೇಲ್‌ನ ಪಾಸ್‌ವರ್ಡ್, ಯಾಕೆಂದರೆ ಉಳಿದ ಎಷ್ಟೋ ಖಾತೆಗಳನ್ನು ಇಮೇಲ್ ಮೂಲಕ ಮರಳಿ ಪಡೆಯಬಹುದು. ಆಮೇಲೆ ಬ್ಯಾಂಕ್, ಆಮೇಲೆ ಕೆಲಸಕ್ಕೆ ಬೇಕಾದವು. “ಎಲ್ಲವನ್ನೂ ಒಂದು ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿದರೆ ಒಂದೇ ಸಲಕ್ಕೆ ಆಗುತ್ತದಲ್ಲ” ಎಂದು ಅನಿಸಬಹುದು. ಬಿಟ್‌ವಾರ್ಡನ್‌ನಂಥವು ಎಕ್ಸ್‌ಪೋರ್ಟ್ ಮಾಡುವಾಗಲೂ ಮಾಸ್ಟರ್ ಪಾಸ್‌ವರ್ಡ್ ಕೇಳುತ್ತವೆ. ಹಾಗಾಗಿ ಕೈಬರಹವೇ ಗತಿ. ಅತ್ತೆ ಆ ರಾತ್ರಿ ಹದಿನೆಂಟು ಪಾಸ್‌ವರ್ಡ್ ಬರೆದರು. ಸೊನ್ನೆ ಯಾವುದು, ಇಂಗ್ಲಿಷಿನ ‘ಓ’ ಯಾವುದು ಎಂದು ಗೊತ್ತಾಗಲು ಸೊನ್ನೆಗೆ ಅಡ್ಡಗೆರೆ ಎಳೆದುಕೊಂಡರು. ನೀವೂ ಹಾಗೇ ಮಾಡಿ.

ಯಾವ ಸಾಧನದಲ್ಲೂ ತೆರೆಯುತ್ತಿಲ್ಲವೇ? ಹೆದರಬೇಡಿ, ಮುಂದೆ ಓದಿ. ಈ ಕೆಳಗಿನ ಕಾರಣಗಳಲ್ಲಿ ಒಂದು ನಿಮ್ಮದೂ ಆಗಿರಬಹುದು.

ಪಾಸ್‌ವರ್ಡ್ ಹಾಕುತ್ತಿರುವ ಪುಟ ನಿಜವಾದದ್ದೇ?

ಇನ್ನೊಮ್ಮೆ ಟೈಪ್ ಮಾಡುವ ಮೊದಲು ಇದನ್ನು ನೋಡಲೇಬೇಕು. ಬ್ರೌಸರಿನಲ್ಲಿ ಮ್ಯಾನೇಜರ್ ಹೆಸರು ಹುಡುಕಿ, ಮೇಲೆ ಬಂದ ಮೊದಲ ಲಿಂಕ್ ಒತ್ತಿ ಬಂದಿದ್ದೀರಾ? 2023ರ ಜನವರಿಯಲ್ಲಿ ಗೂಗಲ್ ಜಾಹೀರಾತಿನ ಜಾಗದಲ್ಲಿ ಬಿಟ್‌ವಾರ್ಡನ್ ಹೆಸರಿನ ನಕಲಿ ಪುಟಗಳು ಕಾಣಿಸಿಕೊಂಡಿದ್ದವು. ನೋಡಲು ಅಚ್ಚು ಒಂದೇ ಥರ. ಇಂಥ ಪುಟಕ್ಕೆ ನಿಮ್ಮ ಸರಿಯಾದ ಪಾಸ್‌ವರ್ಡ್ ಕೊಟ್ಟರೂ “ತಪ್ಪು” ಎನ್ನುತ್ತದೆ. ಆಗ ನಾವು ಗೊತ್ತಿರುವ ಬೇರೆ ಪಾಸ್‌ವರ್ಡ್‌ಗಳನ್ನೂ ಒಂದೊಂದಾಗಿ ಹಾಕಿ ನೋಡುತ್ತೇವೆ. ಎಲ್ಲವೂ ಕಳ್ಳರ ಕೈಗೆ ಹೋಗುತ್ತದೆ.

ವಿಳಾಸದ ಪಟ್ಟಿಯನ್ನು ಅಕ್ಷರ ಅಕ್ಷರವಾಗಿ ಓದಿ. ಅನುಮಾನ ಬಂದರೆ ಆ ಪುಟ ಮುಚ್ಚಿ, ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ. ನಕಲಿ ಪುಟದಲ್ಲಿ ಈಗಾಗಲೇ ಹಾಕಿದ್ದೀರಿ ಎಂದು ಗೊತ್ತಾದರೆ ಅಸಲಿ ಖಾತೆಗೆ ಹೋಗಿ ಮಾಸ್ಟರ್ ಪಾಸ್‌ವರ್ಡ್ ತಕ್ಷಣ ಬದಲಿಸಿ, ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನೂ ಬದಲಿಸಿ. ಹಣ ಹೋಗಿದ್ದರೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ಅಪರಾಧದ ರಾಷ್ಟ್ರೀಯ ಸಹಾಯವಾಣಿ. ಅಲ್ಲಿ ತಡ ಮಾಡಬಾರದು.

ಕಣ್ಣಿನ ಗುರುತು ಒತ್ತಿ, ನಿಧಾನವಾಗಿ ಓದಿ

ಪಾಸ್‌ವರ್ಡ್ ಹಾಕುವ ಜಾಗದ ಬಲಗಡೆ ಒಂದು ಕಣ್ಣಿನ ಚಿತ್ರ ಇರುತ್ತದೆ. ಹಿಂದೆ ಯಾರೂ ಇಲ್ಲ ಎಂದು ನೋಡಿಕೊಂಡು ಅದನ್ನು ಒತ್ತಿ. ಚುಕ್ಕಿಗಳ ಬದಲು ನೀವು ನಿಜವಾಗಿ ಟೈಪ್ ಮಾಡಿದ್ದು ಕಾಣುತ್ತದೆ. ನನ್ನ ಅನುಭವದಲ್ಲಿ ಇಷ್ಟೊಂದು ಗಂಟು ಬಿಡಿಸಿದ ಗುಂಡಿ ಇನ್ನೊಂದಿಲ್ಲ. ಎಷ್ಟೋ ಜನ ಅದನ್ನು ಮುಟ್ಟುವುದೇ ಇಲ್ಲ.

ಅತ್ತೆಯ ವಿಷಯದಲ್ಲೂ ಗಂಟು ಬಿಚ್ಚಿದ್ದು ಇದೇ. ಮೂರು ವಾರದ ಹಿಂದೆ ಅವರ ಮಗ ಲಂಡನ್ನಿನಿಂದ ಒಂದು ಲ್ಯಾಪ್‌ಟಾಪ್ ತಂದುಕೊಟ್ಟಿದ್ದ. ಹಳೆಯದರ ಚಾರ್ಜರ್ ಕೆಟ್ಟದ್ದರಿಂದ ಆ ದಿನ ಮೊದಲ ಸಲ ಹೊಸದನ್ನು ತೆರೆದಿದ್ದರು. ಅವರ ಪಾಸ್‌ವರ್ಡ್ ನಡುವೆ ಒಂದು @ ಇದೆ. ಹತ್ತು ವರ್ಷದಿಂದ ಅವರ ಬೆರಳಿಗೆ ರೂಢಿ: ಶಿಫ್ಟ್ ಹಿಡಿದು 2 ಒತ್ತಿದರೆ @. ಕಣ್ಣಿನ ಗುರುತು ಒತ್ತಿದಾಗ @ ಇರಬೇಕಾದ ಜಾಗದಲ್ಲಿ " ಕೂತಿತ್ತು. “ಇದೆಂಥದ್ದು ಎರಡು ಗೆರೆ?” ಎಂದು ಕೇಳಿದರು. ಆಗ ನನಗೆ ಅರ್ಥವಾಯಿತು.

ನಮ್ಮಲ್ಲಿ ಮಾರುವ ಕಂಪ್ಯೂಟರ್‌ಗಳಲ್ಲಿ ಸಾಮಾನ್ಯವಾಗಿ ಅಮೆರಿಕದ ಕೀಬೋರ್ಡ್ ಜೋಡಣೆ ಇರುತ್ತದೆ. ಬ್ರಿಟನ್ನಿನ ಜೋಡಣೆ ಸ್ವಲ್ಪ ಬೇರೆ. ಅದರಲ್ಲಿ ಶಿಫ್ಟ್ ಮತ್ತು 2 ಒತ್ತಿದರೆ " ಬರುತ್ತದೆ. @ ಇರುವುದು ಎಂಟರ್ ಕೀಲಿಯ ಹತ್ತಿರ, ನಾವು " ಒತ್ತುವ ಜಾಗದಲ್ಲಿ. ಶಿಫ್ಟ್ ಮತ್ತು 3 ಒತ್ತಿದರೆ # ಬರುವುದಿಲ್ಲ, ಪೌಂಡ್ ಗುರುತು ಬರುತ್ತದೆ. ಅಕ್ಷರ, ಅಂಕಿ ಎಲ್ಲ ಇದ್ದಲ್ಲೇ ಇರುವುದರಿಂದ ಮಾಮೂಲಿ ಬರಹ ಟೈಪ್ ಮಾಡುವಾಗ ಅನುಮಾನ ಬರುವುದಿಲ್ಲ. ಚುಕ್ಕಿಯ ಹಿಂದೆ ಅಡಗಿದಾಗ ಇದು ಕಾಡುತ್ತದೆ. ಹೊರದೇಶದಲ್ಲಿರುವ ಮಕ್ಕಳು ಲ್ಯಾಪ್‌ಟಾಪ್ ತಂದುಕೊಡುವುದು ನಮ್ಮ ಕಡೆ ಮನೆಮನೆಯಲ್ಲೂ ಇದೆಯಲ್ಲ, ಹಾಗಾಗಿ ಇದನ್ನು ಇಷ್ಟು ಬಿಡಿಸಿ ಹೇಳಿದೆ.

ವಿಂಡೋಸ್‌ನಲ್ಲಿ ನೋಡುವುದು ಹೀಗೆ. ಪರದೆಯ ಕೆಳಗೆ ಬಲತುದಿಯಲ್ಲಿ, ಗಡಿಯಾರದ ಪಕ್ಕ, ಭಾಷೆಯ ಮೂರು ಅಕ್ಷರದ ಗುರುತು ಇರುತ್ತದೆ. ಅದನ್ನು ಒತ್ತಿದರೆ ಕಂಪ್ಯೂಟರಿನಲ್ಲಿರುವ ಎಲ್ಲ ಕೀಬೋರ್ಡ್‌ಗಳ ಪಟ್ಟಿ ಬರುತ್ತದೆ. ವಿಂಡೋಸ್ ಗುಂಡಿ ಹಿಡಿದು ಸ್ಪೇಸ್ ಒತ್ತಿದರೂ ಬರುತ್ತದೆ. ನೀವು ಪಾಸ್‌ವರ್ಡ್ ಇಟ್ಟಾಗ ಯಾವುದಿತ್ತೋ ಅದನ್ನೇ ಆರಿಸಿ. ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ಒತ್ತಿದರೂ ಭಾಷೆ ಬದಲಾಗುತ್ತದೆ. ಕೈ ತಗುಲಿ ಗೊತ್ತಿಲ್ಲದೆ ಬದಲಾಗುವುದು ಹೆಚ್ಚಾಗಿ ಹೀಗೇ.

ಪಟ್ಟಿಯಲ್ಲಿ ‘ಇಂಟರ್‌ನ್ಯಾಷನಲ್’ ಎಂದು ಸೇರಿದ ಅಮೆರಿಕದ ಜೋಡಣೆ ಕಂಡರೆ ಅದೂ ಒಂದು ಬಲೆ. ಅದರಲ್ಲಿ ' ಅಥವಾ " ಒತ್ತಿದ ಕೂಡಲೇ ಏನೂ ಬರುವುದಿಲ್ಲ. ಮುಂದಿನ ಅಕ್ಷರಕ್ಕಾಗಿ ಅದು ಕಾಯುತ್ತದೆ, ಆ ಅಕ್ಷರ ಸ್ವರವಾಗಿದ್ದರೆ ಅದರ ತಲೆಯ ಮೇಲೆ ಹೋಗಿ ಕೂರುತ್ತದೆ. ~ ಮತ್ತು ^ ಕೂಡ ಹಾಗೇ. ಆ ಗುರುತು ಮಾತ್ರ ಬೇಕಿದ್ದರೆ ಒತ್ತಿದ ಮೇಲೆ ಒಮ್ಮೆ ಸ್ಪೇಸ್ ಒತ್ತಬೇಕು.

ಕ್ಯಾಪ್ಸ್ ಲಾಕ್ ನೋಡಿರುತ್ತೀರಿ. ನಮ್ ಲಾಕ್ ನೋಡಿದ್ದೀರಾ? ಕೆಲವು ಹಳೆಯ ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಅದು ಆನ್ ಆದರೆ ಬಲಗೈ ಕೆಳಗಿನ ಅಕ್ಷರಗಳೇ ಅಂಕಿಗಳಾಗುತ್ತವೆ. ಇನ್ನು ನಮ್ಮ ಊರಿನ ಹವೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಮನೆಯೊಳಗೆ ಬಟ್ಟೆಯೇ ಒಣಗುವುದಿಲ್ಲ, ಕೀಬೋರ್ಡ್ ಒಣಗಿರುತ್ತದೆಯೇ? ತೇವ ಹಿಡಿದ ಕೀಲಿ ಒಮ್ಮೆ ಒತ್ತಿದರೆ ಎರಡು ಅಕ್ಷರ ಬೀಳಿಸುತ್ತದೆ, ಇಲ್ಲವೇ ಒಂದನ್ನೂ ಬೀಳಿಸುವುದಿಲ್ಲ. ಕಣ್ಣಿನ ಗುರುತು ಒತ್ತಿ ಅಕ್ಷರ ಎಣಿಸಿದರೆ ಸಿಕ್ಕಿಬೀಳುತ್ತದೆ. ಬೇರೆ ಕೀಬೋರ್ಡ್ ಸಿಕ್ಕಿಸಿ ನೋಡಿ. ಅದೂ ಇಲ್ಲದಿದ್ದರೆ ವಿಂಡೋಸ್‌ನಲ್ಲೇ ಪರದೆಯ ಮೇಲೆ ಬರುವ ಕೀಬೋರ್ಡ್ ಇದೆ, ಮೌಸ್‌ನಿಂದ ಒಂದೊಂದೇ ಅಕ್ಷರ ಒತ್ತಬಹುದು.

ಕಣ್ಣಿನ ಗುರುತೇ ಇಲ್ಲದ ಕಡೆ ನೋಟ್‌ಪ್ಯಾಡ್ ತೆರೆದು ಟೈಪ್ ಮಾಡಿ ನೋಡುವವರಿದ್ದಾರೆ. ಮಾಡಬಹುದು, ಆದರೆ ವಿಂಡೋಸ್ 11ರ ನೋಟ್‌ಪ್ಯಾಡ್ ಸೇವ್ ಮಾಡದೆ ಮುಚ್ಚಿದರೂ ಬರೆದದ್ದನ್ನು ಇಟ್ಟುಕೊಂಡು ಮುಂದಿನ ಸಲ ತೋರಿಸುತ್ತದೆ. ನೋಡಿದ ಮೇಲೆ ಪ್ರತಿ ಅಕ್ಷರವನ್ನೂ ಅಳಿಸಿ ಆ ಟ್ಯಾಬ್ ಮುಚ್ಚಿ. ವಾಟ್ಸಾಪ್‌ನಲ್ಲೋ ಇಮೇಲ್‌ನಲ್ಲೋ ಟೈಪ್ ಮಾಡಿ ಪರೀಕ್ಷಿಸುವುದು ಮಾತ್ರ ಬೇಡವೇ ಬೇಡ.

ಫೋನಿನ ಕೀಬೋರ್ಡ್ ಮಾಡುವ ಸಹಾಯ

ಫೋನಿನಲ್ಲಿ ತೊಂದರೆ ಬೇರೆ ಥರದ್ದು. ಕೀಬೋರ್ಡ್ ನಮಗೆ ಸಹಾಯ ಮಾಡಲು ಹೋಗಿ ಅಕ್ಷರ ಬದಲಿಸುತ್ತದೆ. ಕಣ್ಣಿನ ಗುರುತು ಒತ್ತಿ ಟೈಪ್ ಮಾಡುವಾಗ ಮೊದಲ ಅಕ್ಷರ ತಾನಾಗಿ ದೊಡ್ಡದಾಗಿದೆಯೇ ನೋಡಿ. ಮೇಲೆ ಬಂದ ಪದದ ಸಲಹೆಯನ್ನು ಒತ್ತಿದ್ದರೆ ಪದದ ಹಿಂದೆ ಒಂದು ಸ್ಪೇಸ್ ಸೇರಿರುತ್ತದೆ. ಸ್ಪೇಸ್ ಎರಡು ಸಲ ಒತ್ತಿದರೆ ಪೂರ್ಣವಿರಾಮ ಆಗಿರುತ್ತದೆ. ನಾಲ್ಕೈದು ಪದ ಸೇರಿಸಿ ಪಾಸ್‌ವರ್ಡ್ ಮಾಡಿಕೊಂಡವರು ಇಲ್ಲಿ ಸಿಕ್ಕಿಬೀಳುವುದು ಜಾಸ್ತಿ.

ಎಲ್ಲೋ ಬರೆದಿಟ್ಟಿದ್ದನ್ನು ಕಾಪಿ ಮಾಡಿ ಅಂಟಿಸುತ್ತಿದ್ದೀರಾ? ಕೊನೆಗೆ ಹೋಗಿ ಒಂದು ಸಲ ಅಳಿಸುವ ಗುಂಡಿ ಒತ್ತಿ ನೋಡಿ. ಕಾಣುವ ಅಕ್ಷರ ಯಾವುದೂ ಅಳಿಯದಿದ್ದರೆ ಅಲ್ಲಿ ಸ್ಪೇಸ್ ಇತ್ತು ಎಂದರ್ಥ. ಐಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟವರಿಗೆ ಇನ್ನೊಂದು ಅಡ್ಡಿ: ‘ಸ್ಮಾರ್ಟ್ ಪಂಕ್ಚುಯೇಶನ್’ ಆನ್ ಇದ್ದರೆ ನೇರವಾದ " ಬಾಗಿದ “ ಆಗುತ್ತದೆ, ಎರಡು ಅಡ್ಡಗೆರೆ ಸೇರಿ ಒಂದು ಉದ್ದ ಗೆರೆ ಆಗುತ್ತದೆ. ನಮ್ಮ ಕಣ್ಣಿಗೆ ಒಂದೇ, ಕೀಲಿ ಅರೆಯುವ ಲೆಕ್ಕಕ್ಕೆ ಬೇರೆ ಬೇರೆ. ಸೆಟ್ಟಿಂಗ್ಸ್‌ನಲ್ಲಿ ಜನರಲ್, ಅದರೊಳಗೆ ಕೀಬೋರ್ಡ್, ಅಲ್ಲಿ ಇದನ್ನು ಆಫ್ ಮಾಡಬಹುದು.

ಕನ್ನಡ ಅಕ್ಷರದ ಪಾಸ್‌ವರ್ಡ್ ಇಟ್ಟವರು ಇಲ್ಲಿ ಓದಿ

ಕನ್ನಡದಲ್ಲಿ ಪಾಸ್‌ವರ್ಡ್ ಇಟ್ಟುಕೊಂಡರೆ ಊಹಿಸುವುದು ಕಷ್ಟ, ನೆನಪಿಡುವುದು ಸುಲಭ. ನನಗೂ ಅದು ಇಷ್ಟ. ಆದರೆ ಒಂದು ಸೂಕ್ಷ್ಮ ಇದೆ, ಅದನ್ನು ಕಲಿಯಲು ನನಗೆ ಒಂದು ವಾರ ಹಿಡಿಯಿತು.

‘ಕೊಡಗು’ ಎಂಬ ಪದವನ್ನೇ ತೆಗೆದುಕೊಳ್ಳಿ. ಮೊದಲ ಅಕ್ಷರ ‘ಕೊ’. ಕಂಪ್ಯೂಟರ್‌ಗಳು ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಇದನ್ನು ಎರಡು ರೀತಿ ಬರೆದಿಡಬಹುದು. ಒಂದು, ‘ಕ’ ಮತ್ತು ಅದರ ಮುಂದೆ ಒತ್ವದ ಒಂದೇ ಗುರುತು. ಇನ್ನೊಂದು, ‘ಕ’, ಅದರ ಮುಂದೆ ಎತ್ವ, ಅದರ ಮುಂದೆ ಊಕಾರದ ಕೊಂಬು, ಹೀಗೆ ಮೂರು ತುಂಡು. ಪರದೆಯ ಮೇಲೆ ಎರಡೂ ‘ಕೊ’ ಎಂದೇ ಕಾಣುತ್ತವೆ. ಭೂತಗನ್ನಡಿ ಹಿಡಿದರೂ ವ್ಯತ್ಯಾಸ ಸಿಗುವುದಿಲ್ಲ. ಕೀ, ಕೇ, ಕೈ, ಕೋ ಇವಕ್ಕೂ ಇದೇ ಕಥೆ. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮ. ಕೆಲವು ಮ್ಯಾನೇಜರ್‌ಗಳು ಕೀಲಿ ಅರೆಯುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತಂದುಕೊಳ್ಳುತ್ತವೆ, ಒನ್‌ಪಾಸ್‌ವರ್ಡ್ ಹಾಗೆ ಮಾಡುತ್ತದೆ. ಹಾಗೆ ಮಾಡದ ಅಪ್ಲಿಕೇಶನ್‌ನಲ್ಲಿ, ಒಂದು ಕೀಬೋರ್ಡಿನಲ್ಲಿ ಇಟ್ಟ ಪಾಸ್‌ವರ್ಡ್ ಇನ್ನೊಂದರಲ್ಲಿ ಹಾಕಿದರೆ ತೆರೆಯದೇ ಇರಬಹುದು.

ಕಾಣದ ಅಕ್ಷರವೂ ಒಂದಿದೆ. ‘ಪಾಸ್‌ವರ್ಡ್’ ಎಂದು ಬರೆಯುವಾಗ ‘ಸ್’ ಮತ್ತು ‘ವ’ ಒತ್ತಕ್ಷರವಾಗಿ ಸೇರಬಾರದು ಎಂದು ನಡುವೆ ಒಂದು ಗುರುತು ಇಡಲಾಗುತ್ತದೆ. ಅದಕ್ಕೆ ಅಗಲವೇ ಇಲ್ಲ. ‘ರೈಟರ್’ ಎಂಬಂತೆ ಅರ್ಧಾಕ್ಷರದಲ್ಲಿ ಮುಗಿಯುವ ಪದದ ಕೊನೆಗೆ ಅದು ಸೇರಿಕೊಂಡರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಅಂಕಿಯಲ್ಲೂ ನೋಡಿ, 2 ಬೇರೆ, ೨ ಬೇರೆ. ಕನ್ನಡದ ಸೊನ್ನೆ ೦ ಮತ್ತು ಅನುಸ್ವಾರ ಎರಡೂ ದುಂಡಗೇ ಇರುತ್ತವೆ, ಒಳಗೆ ಬೇರೆ ಬೇರೆ.

ಇದಕ್ಕೆ ಮದ್ದು ಒಂದೇ. ಪಾಸ್‌ವರ್ಡ್ ಇಟ್ಟ ದಿನ ಯಾವ ಸಾಧನ, ಯಾವ ಕೀಬೋರ್ಡ್ ಬಳಸಿದ್ದಿರೋ ಅದರಲ್ಲೇ ಮೊದಲು ಹಾಕಿ ನೋಡಿ. ಅಲ್ಲಿ ತೆರೆದರೆ, ಅಲ್ಲೇ ಕೂತು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಪಾಸ್‌ವರ್ಡ್‌ಗೆ ಬದಲಿಸಿಕೊಳ್ಳಿ. ಪದ ಕನ್ನಡದ್ದೇ ಇರಲಿ, ಲಿಪಿ ಮಾತ್ರ ಇಂಗ್ಲಿಷ್. ತೋಟದ ಮರ, ಹಳ್ಳದ ಹೆಸರು, ಅಡುಗೆ, ಹಕ್ಕಿ, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಸಾಕು. ಇಂಗ್ಲಿಷಿನಲ್ಲಿ ಪಾಸ್‌ವರ್ಡ್ ಇಟ್ಟವರೂ, ನುಡಿ ಅಥವಾ ಬರಹ ತಂತ್ರಾಂಶ ಹಿಂದೆ ಓಡುತ್ತಿದ್ದರೆ ಅದನ್ನು ಮುಚ್ಚಿ ಇನ್ನೊಮ್ಮೆ ಹಾಕಿ. ಕನ್ನಡ ಆನ್ ಆಗಿದ್ದರೆ ಒತ್ತಿದ್ದು ಒಂದು, ಒಳಗೆ ಹೋಗಿದ್ದು ಇನ್ನೊಂದು ಆಗಿರುತ್ತದೆ.

ಅದು ಕೇಳುತ್ತಿರುವುದು ಯಾವ ಪಾಸ್‌ವರ್ಡ್?

ಅಕ್ಷರ ಎಲ್ಲ ಸರಿ ಇದೆ, ಆದರೂ ಬಿಡುತ್ತಿಲ್ಲ ಎಂದರೆ ಪರದೆಯ ಮೇಲಿನ ಉಳಿದ ಮಾತುಗಳನ್ನು ಓದಿ. ಕೇಳುತ್ತಿರುವುದು ಮ್ಯಾನೇಜರ್‌ನ ಪಿನ್ ಇರಬಹುದು, ವಿಂಡೋಸ್‌ನ ಪಿನ್ ಇರಬಹುದು, ಗೂಗಲ್ ಖಾತೆಯ ಪಾಸ್‌ವರ್ಡ್ ಇರಬಹುದು.

ಬಿಟ್‌ವಾರ್ಡನ್ ಬಳಸುವವರು ಎರಡು ವಿಷಯ ನೋಡಿ. ಲಾಗಿನ್ ಪರದೆಯಲ್ಲಿ ಸರ್ವರ್ ಆರಿಸುವ ಜಾಗ ಇದೆ. ಬಿಟ್‌ವಾರ್ಡನ್ ಡಾಟ್ ಕಾಮ್ ಒಂದು, ಯುರೋಪಿನ ಬಿಟ್‌ವಾರ್ಡನ್ ಡಾಟ್ ಇಯು ಇನ್ನೊಂದು. ಎರಡೂ ಪೂರ್ತಿ ಬೇರೆ. ಒಂದರಲ್ಲಿ ತೆರೆದ ಖಾತೆ ಇನ್ನೊಂದಕ್ಕೆ ಗೊತ್ತೇ ಇರುವುದಿಲ್ಲ, ಆದರೆ ಅದು “ಖಾತೆ ಇಲ್ಲ” ಎನ್ನದೆ “ಹೆಸರು ಅಥವಾ ಪಾಸ್‌ವರ್ಡ್ ತಪ್ಪು” ಎನ್ನುತ್ತದೆ. ಎರಡನೆಯದು ಇಮೇಲ್. ಜಿಮೇಲ್‌ಗೆ ಹೆಸರಿನ ನಡುವೆ ಚುಕ್ಕಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಬಿಟ್‌ವಾರ್ಡನ್‌ಗೆ ಅವು ಎರಡು ಬೇರೆ ಜನ. ಇಮೇಲ್ ವಿಳಾಸವನ್ನೂ ಪಾಸ್‌ವರ್ಡ್ ಜೊತೆ ಸೇರಿಸಿಯೇ ಕೀಲಿ ಅರೆಯುವುದರಿಂದ ಅದೂ ಅಕ್ಷರಶಃ ಸರಿ ಇರಬೇಕು. ಖಾತೆ ತೆರೆದಾಗ ಬಂದ ಮೊದಲ ಮೇಲ್ ಹುಡುಕಿ ನೋಡಿ, ಯಾವ ವಿಳಾಸಕ್ಕೆ ಬಂದಿದೆ ಎಂದು ಗೊತ್ತಾಗುತ್ತದೆ.

ಒನ್‌ಪಾಸ್‌ವರ್ಡ್‌ನಲ್ಲಿ ಹೊಸ ಸಾಧನಕ್ಕೆ ಪಾಸ್‌ವರ್ಡ್ ಒಂದೇ ಸಾಲದು. ‘ಸೀಕ್ರೆಟ್ ಕೀ’ ಕೂಡ ಬೇಕು. ಇಂಗ್ಲಿಷಿನ ಎ ಅಕ್ಷರ ಮತ್ತು 3ರಿಂದ ಶುರುವಾಗುವ, ನಡುವೆ ಅಡ್ಡಗೆರೆಗಳಿರುವ 34 ಅಕ್ಷರ. ಖಾತೆ ತೆರೆದಾಗ ‘ಎಮರ್ಜೆನ್ಸಿ ಕಿಟ್’ ಎಂಬ ಪಿಡಿಎಫ್‌ನಲ್ಲಿ ಅದನ್ನು ಕೊಟ್ಟಿರುತ್ತಾರೆ. ಈಗಾಗಲೇ ತೆರೆದಿರುವ ಸಾಧನದ ಒಳಗೂ ನೋಡಬಹುದು.

ಕೀಪಾಸ್ ಅಥವಾ ಕೀಪಾಸ್‌ಎಕ್ಸ್‌ಸಿ ಬಳಸುವವರ ಪೆಟ್ಟಿಗೆ ತಮ್ಮ ಕಂಪ್ಯೂಟರಿನಲ್ಲೇ ಒಂದು ಫೈಲ್. ಮೊದಲು ನೋಡಬೇಕಾದ್ದು, ನೀವು ತೆರೆಯುತ್ತಿರುವುದು ಯಾವ ಫೈಲ್ ಎಂಬುದು. ಡೌನ್‌ಲೋಡ್ಸ್‌ನಲ್ಲಿ ಒಂದು, ಪೆನ್‌ಡ್ರೈವ್‌ನಲ್ಲಿ ಒಂದು, ಗೂಗಲ್ ಡ್ರೈವ್‌ನಲ್ಲಿ ಒಂದು ಇರುತ್ತದೆ. ಹಳೆಯ ಪ್ರತಿ ತೆರೆಯುವುದು ಹಳೆಯ ಪಾಸ್‌ವರ್ಡ್‌ಗೆ. ಫೈಲ್‌ಗಳನ್ನು ತಾರೀಕಿನ ಕ್ರಮದಲ್ಲಿ ಜೋಡಿಸಿ ನೋಡಿ. ಎರಡನೆಯದು, ಪೆಟ್ಟಿಗೆ ತೆರೆಯಲು ಪಾಸ್‌ವರ್ಡ್ ಜೊತೆಗೆ ತೋರಿಸಬೇಕಾದ ‘ಕೀ ಫೈಲ್’ ಇಟ್ಟಿದ್ದಿರಾ? ನನಗೆ ಪರಿಚಯದವರೊಬ್ಬರು ತಮ್ಮ ತೋಟದ ಒಂದು ಫೋಟೋವನ್ನೇ ಕೀ ಫೈಲ್ ಮಾಡಿಕೊಂಡಿದ್ದರು. ಕಂಪ್ಯೂಟರ್ ಬದಲಾಯಿಸಿದಾಗ ಆ ಫೋಟೋವನ್ನು ವಾಟ್ಸಾಪ್‌ನಲ್ಲಿ ತಮಗೇ ಕಳಿಸಿಕೊಂಡರು. ವಾಟ್ಸಾಪ್ ಫೋಟೋವನ್ನು ಚಿಕ್ಕದು ಮಾಡಿ ಕಳಿಸುತ್ತದೆ. ಅದೇ ಗಿಡ, ಅದೇ ಹೂ, ಆದರೆ ಒಳಗಿನ ಒಂದು ಬೈಟ್ ಬದಲಾದರೂ ಕೀಲಿ ಬೇರೆ. ಹಳೆಯ ಮೆಮೊರಿ ಕಾರ್ಡ್‌ನಲ್ಲಿ ಮೂಲ ಫೋಟೋ ಸಿಕ್ಕಿತು, ಪೆಟ್ಟಿಗೆ ತೆರೆಯಿತು. ಸಿಗದಿದ್ದರೆ ಕಥೆ ಮುಗಿದಿತ್ತು.

ನೆಟ್‌ವರ್ಕ್ ಇಲ್ಲದ ಊರಿನ ತೊಡಕು

ಇತ್ತೀಚೆಗೆ ಮಾಸ್ಟರ್ ಪಾಸ್‌ವರ್ಡ್ ಬದಲಿಸಿದ್ದೀರಾ? ನಾವು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಕೂತು ಬದಲಿಸಿರುತ್ತೇವೆ. ತೋಟದ ಮನೆಯ ಟ್ಯಾಬ್‌ಗೆ ವಾರದಿಂದ ನೆಟ್‌ವರ್ಕೇ ಸಿಕ್ಕಿರುವುದಿಲ್ಲ. ಅದರೊಳಗೆ ಇರುವುದು ಹಳೆಯ ಪ್ರತಿ, ಅದು ಕೇಳುವುದು ಹಳೆಯ ಪಾಸ್‌ವರ್ಡ್. ಅಲ್ಲಿ ಹಳೆಯದನ್ನೇ ಹಾಕಿ ನೋಡಿ. ತೆರೆದರೆ, ನೆಟ್‌ಗೆ ಸೇರಿಸುವ ಮುಂಚೆ ಬೇಕಾದ್ದನ್ನು ಬರೆದುಕೊಳ್ಳಿ. ನೆಟ್ ಸಿಕ್ಕ ಮೇಲೆ ಅದು ಲಾಗ್ ಔಟ್ ಆಗಿ ಹೊಸದನ್ನು ಕೇಳಬಹುದು.

ಕರೆಂಟ್ ಹೋಗಿ ಬಂದು ಮಾಡುವ ಕಡೆ ಗಡಿಯಾರವನ್ನೂ ನೋಡಿ. ಹಳೆಯ ಡೆಸ್ಕ್‌ಟಾಪ್ ಒಳಗಿನ ನಾಣ್ಯದಂಥ ಬ್ಯಾಟರಿ ಸತ್ತಿದ್ದರೆ, ಪ್ರತಿ ಸಲ ಕರೆಂಟ್ ಹೋದಾಗ ತಾರೀಕು ವರ್ಷಗಟ್ಟಲೆ ಹಿಂದೆ ಹೋಗುತ್ತದೆ. ಆಗ ಸರ್ವರ್ ಜೊತೆ ಸುರಕ್ಷಿತ ಸಂಪರ್ಕವೇ ಆಗುವುದಿಲ್ಲ. ಫೋನಿನ ಗಡಿಯಾರ ತಪ್ಪಿದ್ದರೆ ಪಾಸ್‌ವರ್ಡ್ ಆದ ಮೇಲೆ ಎರಡನೇ ಹಂತದಲ್ಲಿ ಕೇಳುವ, 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಯ ಕೋಡ್ ತಪ್ಪಾಗುತ್ತದೆ. ನಾವು ಪಾಸ್‌ವರ್ಡನ್ನು ಬಯ್ಯುತ್ತಿರುತ್ತೇವೆ, ತಪ್ಪಿರುವುದು ಕೋಡ್. ಸಮಯವನ್ನು ‘ಆಟೋಮ್ಯಾಟಿಕ್’ ಮಾಡಿ.

ಒಂದು ಕಡೆ ಮಾತ್ರ ತೆರೆಯುತ್ತಿಲ್ಲ, ವೆಬ್‌ಸೈಟಿನಲ್ಲಿ ಅದೇ ಪಾಸ್‌ವರ್ಡ್ ತೆರೆಯುತ್ತಿದೆ ಎಂದಾದರೆ ತಪ್ಪು ಆ ಅಪ್ಲಿಕೇಶನ್ ಅಥವಾ ಎಕ್ಸ್‌ಟೆನ್ಶನ್‌ನದು. ಈಗ, ಈಗ ಮಾತ್ರ, ಅದನ್ನು ತೆಗೆದು ಹೊಸದಾಗಿ ಹಾಕಬಹುದು.

ಏನು ಮಾಡಿದರೂ ಆಗದಿದ್ದರೆ

ಮಾಸ್ಟರ್ ಪಾಸ್‌ವರ್ಡ್ ನೆನಪಿಸುವ ಸುಳಿವು ಇಟ್ಟಿದ್ದರೆ ಅದನ್ನು ಇಮೇಲ್‌ಗೆ ತರಿಸಿಕೊಳ್ಳಿ. ಬಿಟ್‌ವಾರ್ಡನ್‌ನಲ್ಲಿ ‘ಎಮರ್ಜೆನ್ಸಿ ಆಕ್ಸೆಸ್’ ಇಟ್ಟಿದ್ದರೆ, ನೀವು ನಂಬಿ ಹೆಸರಿಸಿದವರು ಕೇಳಿಕೊಂಡು, ನೀವೇ ಗೊತ್ತು ಮಾಡಿದ್ದಷ್ಟು ದಿನ ಕಾದು ಒಳಗೆ ಹೋಗಬಹುದು. ಒನ್‌ಪಾಸ್‌ವರ್ಡ್‌ನ ಕುಟುಂಬ ಖಾತೆಯಾದರೆ, ಅದನ್ನು ನೋಡಿಕೊಳ್ಳುವ ಸದಸ್ಯರು ನಿಮ್ಮ ಖಾತೆ ಮರಳಿ ತೆರೆದುಕೊಡಬಹುದು. ಇದು ಯಾವುದೂ ಇಲ್ಲದಿದ್ದರೆ ಕಂಪನಿಗೆ ಎಷ್ಟು ಪತ್ರ ಬರೆದರೂ ಅವರ ಕೈಯಲ್ಲಿ ಆಗುವುದಿಲ್ಲ. “ನಾವು ತೆರೆದುಕೊಡುತ್ತೇವೆ, ಇಷ್ಟು ಹಣ ಕಳಿಸಿ” ಎನ್ನುವವರು ಮೋಸಗಾರರು. ಆಗ ಉಳಿದ ದಾರಿ ಇಷ್ಟೇ: ಇಮೇಲ್ ಖಾತೆ ಮೊದಲು ಮರಳಿ ಪಡೆದು, ಒಂದೊಂದೇ ಪಾಸ್‌ವರ್ಡ್ ಹೊಸದು ಮಾಡುತ್ತಾ ಹೋಗುವುದು. ಹಳೆಯ ಖಾತೆಯನ್ನು ಕೂಡಲೇ ಅಳಿಸಬೇಡಿ. ತಿಂಗಳ ಮೇಲೆ, ಸ್ನಾನ ಮಾಡುವಾಗ, ಆ ಅಕ್ಷರ ನೆನಪಾಗಿಬಿಡುವುದುಂಟು.

ತೆರೆದ ಮೇಲೆ

ಅತ್ತೆ ಲ್ಯಾಪ್‌ಟಾಪ್‌ನ ಕೀಬೋರ್ಡ್ ಜೋಡಣೆ ಬದಲಿಸಲಿಲ್ಲ. ಕೀಲಿಯ ಮೇಲೆ ಅಚ್ಚಾಗಿರುವಂತೆ ಒತ್ತಲು ಕಲಿತರು, ನನಗೂ ಅದೇ ಸರಿ ಎನಿಸಿತು. ಬರೆದ ಹದಿನೆಂಟು ಪಾಸ್‌ವರ್ಡ್‌ಗಳ ಹಾಳೆಯನ್ನು ಒಲೆಗೆ ಹಾಕಿದರು. ಮಾಸ್ಟರ್ ಪಾಸ್‌ವರ್ಡ್ ಒಂದನ್ನು ಮಾತ್ರ ಹೊಸ ಕಾಗದದ ಮೇಲೆ ಬರೆದರು.

ನೀವೂ ಬರೆಯಿರಿ. ಪೆನ್ಸಿಲ್‌ನಲ್ಲಿ ಬರೆದರೆ ತೇವಕ್ಕೆ ಶಾಯಿಯಂತೆ ಹರಡುವುದಿಲ್ಲ. ಪಾಸ್‌ವರ್ಡ್ ಜೊತೆಗೆ ಇಮೇಲ್ ವಿಳಾಸ, ಸರ್ವರ್ ಯಾವುದು, ಯಾವ ಕೀಬೋರ್ಡ್, ಸೀಕ್ರೆಟ್ ಕೀ ಅಥವಾ ರಿಕವರಿ ಕೋಡ್ ಇದ್ದರೆ ಅದು, ಕೀ ಫೈಲ್ ಇದ್ದರೆ ಎಲ್ಲಿದೆ ಎಂಬುದೂ ಇರಲಿ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮನೆಯ ಕಾಗದಪತ್ರ ಇಡುವ ಜಾಗದಲ್ಲಿ ಇಡಿ. ಎರಡನೇ ಪ್ರತಿ ಬೇರೆ ಊರಿನಲ್ಲಿರಲಿ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿದಾಗ ಉಟ್ಟ ಬಟ್ಟೆಯಲ್ಲೇ ಮನೆ ಬಿಟ್ಟು ಬಂದವರನ್ನು ನಾವು ನೋಡಿದ್ದೇವೆ. ಬೀರುವಿನಲ್ಲಿದ್ದ ಎಲ್ಲ ಕಾಗದವೂ ಒಂದೇ ಕಡೆ ಇತ್ತು, ಒಂದೇ ಸಲ ಹೋಯಿತು. ಅತ್ತೆಯ ಎರಡನೇ ಕವರ್ ಮೈಸೂರಿನಲ್ಲಿ ತಂಗಿಯ ಮನೆಯಲ್ಲಿದೆ.

ಕವರ್ ಅಂಟಿಸುವ ಮೊದಲು ಒಂದು ಕೆಲಸ ಬಾಕಿ. ಮನೆಯ ಇನ್ನೊಬ್ಬರ ಕೈಗೆ ಆ ಚೀಟಿ ಕೊಡಿ. ನೀವು ಏನೂ ಹೇಳದೆ ಸುಮ್ನೆ ಪಕ್ಕದಲ್ಲಿ ಕೂತಿರಿ. ಅವರು ಬೇರೆ ಸಾಧನದಲ್ಲಿ ಚೀಟಿ ನೋಡಿಕೊಂಡೇ ಲಾಗಿನ್ ಆಗಲಿ. ಅತ್ತೆಯ ಮನೆಯಲ್ಲಿ ಇದನ್ನು ಮಾಡಿದ್ದು ಮಾವ. ಮೊದಲ ಸಲ ಆಗಲಿಲ್ಲ, ಚೀಟಿಯಲ್ಲಿದ್ದ 1 ಅನ್ನು ಅವರು 7 ಎಂದು ಓದಿದ್ದರು. ಅತ್ತೆ ರಬ್ಬರ್ ತೆಗೆದುಕೊಂಡು ಆ ಒಂದು ಅಂಕಿಯನ್ನು ಅಳಿಸಿ ಬಿಡಿಸಿ ಬರೆದರು. ಎರಡನೇ ಸಲಕ್ಕೆ ತೆರೆಯಿತು. ಆಮೇಲೆ ಕವರ್ ಅಂಟಿಸಿದರು.